ನಾನು ನೀವಿದ ಕಾಲು

ಹೆರಿಗೆಯಾದ ಒಂಬತ್ತನೆಯ ದಿನ ನನ್ನ ತಂಗಿ ಗಿರಿಜೆಯ ಎಡಗಾಲು ಬಾತುಕೊಂಡಿತು.

ಅಮ್ಮ ಇಲ್ಲ. ಅಜ್ಜಂಪುರದ ನಮ್ಮ ಮನೆಯಲ್ಲಿ ಅವಳ ಬಾಣಂತನ ಅಕ್ಕನಾದ ನನ್ನದೇ. ಹಿಂದೆ ಮೂರು ಬಾಣಂತನ ಮಾಡಿದ ಜಂಬ ಬೇರೆ. ನೆಲಕ್ಕೆ ಕಾಲಿಟ್ಟರೆ ಶೀತ, ನೀರು ಕುಡಿದರೆ ಹೊಟ್ಟೆ ಡೊಳ್ಳು ಎಂದು ಅವಳನ್ನು ಮಂಚದಿಂದ ಇಳಿಸಲಿಲ್ಲ. ದಿನಕ್ಕೆ ಎರಡೇ ಲೋಟ ನೀರು.

"ಮೀನಖಂಡ ಹಿಡ್ಕಂಡಂಗೈತೆ. ಡಾಕ್ಟ್ರಿಗೆ ತೋರ್ಸಣ ಕಣಕ್ಕಾ," ಅಂದಳು.

"ವಾಯು ಕಣೇ. ನೀವಿದ್ರೆ ಹೋಗ್ತೈತೆ."

ಹರಳೆಣ್ಣೆ ಕಾಯಿಸಿ ಪಾದದಿಂದ ತೊಡೆಯವರೆಗೆ ಬಲವಾಗಿ ನೀವಿದೆ. ಅವಳು ಬೇಡ ಬೇಡ ಎಂದು ಅತ್ತಳು. ನಾನು ಬಿಡಲಿಲ್ಲ.

ಕಾಲು ಬಾತ ಮೂರನೆಯ ದಿನ, ನೀವುತ್ತಿದ್ದಾಗಲೇ, ಅವಳಿಗೆ ಉಸಿರು ಸಿಗದೆ ಹೋಯಿತು.

ಮಗುವನ್ನು ಪಕ್ಕದ ಮನೆಯ ಬಾಣಂತಿಗೆ ಒಪ್ಪಿಸಿ, ಬಾಡಿಗೆ ಕಾರಿನಲ್ಲಿ ತರೀಕೆರೆ ದಾಟಿ ಶಿವಮೊಗ್ಗದ ಆಸ್ಪತ್ರೆಗೆ ಓಡಿದೆ. ಬೀರೂರಿನ ರೈಲ್ವೆಯಲ್ಲಿದ್ದ ಅವಳ ಗಂಡ ಸುದ್ದಿ ತಿಳಿದು ಸಂಜೆಯ ಹೊತ್ತಿಗೆ ಬಂದ.

ಆಕ್ಸಿಜನ್. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಇಂಜೆಕ್ಷನ್. ಡಾಕ್ಟರು ತಮ್ಮ ತೊಡೆಯ ಮೇಲೆ ಬೆರಳೆಳೆದು ತಿಳಿಸಿದರು. ಕಾಲಿಗೆ ಇಳಿದ ರಕ್ತ ಹೃದಯಕ್ಕೆ ಮರಳುವುದು ಇಲ್ಲಿರುವ ಫೀಮರಲ್ ವೇನ್ ಎಂಬ ದೊಡ್ಡ ನಾಳದಲ್ಲಿ. ಅದರೊಳಗಿನ ವಾಲ್ವ್‌ಗಳು ಮೇಲಕ್ಕೆ ಮಾತ್ರ ತೆರೆಯುವ ಪುಟ್ಟ ಕದಗಳು. ನಡೆದಾಗ ಮೀನಖಂಡ ಆ ನಾಳಗಳನ್ನು ಹಿಂಡಿ ರಕ್ತವನ್ನು ಮೇಲೆತ್ತುತ್ತದೆ. ಮಲಗೇ ಇದ್ದು, ಮೈಯಲ್ಲಿ ನೀರೂ ಸಾಲದಿದ್ದರೆ, ರಕ್ತ ಅಲ್ಲೇ ಹೆಪ್ಪುಗಟ್ಟಬಹುದು. ಬಲವಾಗಿ ಉಜ್ಜಿದ್ದಕ್ಕೆ ಆ ಹೆಪ್ಪಿನ ಚೂರು ಕಿತ್ತುಬಂದು ಶ್ವಾಸಕೋಶ ಸೇರಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ನನ್ನಂಥವಳನ್ನು ನೋಡಿಯೇ.

ಕಾಲಿನ ಎಣ್ಣೆ ಜಿಡ್ಡು ತೋರಿಸಿ ಡಾಕ್ಟರು ಕೇಳಿದರು: "ಕಾಲು ಉಜ್ಜಿದ್ದು ಯಾರು?"

ಮಾಸ್ಕ್ ಸರಿಸಿ ಗಿರಿಜೆಯೇ ಅಂದಳು: "ನಾನೇ ಉಜ್ಕಂಡೆ ಡಾಕ್ಟ್ರೇ. ಅಕ್ಕ ಬ್ಯಾಡ ಅಂದಿದ್ಲು."

ಅದು ಸುಳ್ಳೆಂದು ನಾನು ಹೇಳಲಿಲ್ಲ.

ಡಾಕ್ಟರು ಗದರಿದರು. ಗಂಡನೂ ರೇಗಿದ. ಉಸಿರಿಗೆ ಒದ್ದಾಡುತ್ತಿದ್ದವಳು ನನ್ನ ಪಾಲಿನ ಬೈಗುಳವನ್ನೂ ತಿಂದಳು.

ಮೂರು ವಾರವಾಯಿತು. ಬಾವು ಪೂರ್ತಿ ಇಳಿದಿಲ್ಲ. ನನ್ನ ಭುಜ ಹಿಡಿದು ವಾರ್ಡಿನ ಬಾಗಿಲವರೆಗೆ ನಡೆಯುತ್ತಾಳೆ. ನಿನ್ನೆ ಗಂಡನೆದುರೇ ಡಾಕ್ಟರಿಗೆ ನಿಜ ಹೇಳಿದೆ. ಅವನು ಮುಖ ತಿರುಗಿಸಿ ಹೊರಗೆ ಹೋದ. ಯಾಕೆ ಸುಳ್ಳು ಹೇಳಿದೆ ಎಂದು ಗಿರಿಜೆಯನ್ನು ಕೇಳಿದೆ.

"ಉಳೀತೀನಿ ಅಂತ ಗೊತ್ತಿರ್ಲಿಲ್ಲ ಕಣಕ್ಕಾ. ನೀನು ಮಾಡ್ದೆ ಅಂತ ತಿಳಿದಿದ್ರೆ, ನಮ್ಮನೆಯವ್ರು ಮಗೀನ ಸಾಕಕ್ಕೆ ನಿನ್ ಕೈಗೆ ಕೊಡ್ತಿದ್ರಾ?"