ಒಗೆಯದ ಕಂಬಳಿ

ನಮ್ಮ ಕಡೆ ಕಂಬಳಿಯನ್ನು ಒಗೆಯುವುದಿಲ್ಲ. ಬಿಸಿಲಿಗೆ ಹಾಕುತ್ತೇವೆ, ಕೋಲಿನಿಂದ ಬಡಿಯುತ್ತೇವೆ, ಮಡಿಸಿ ಇಡುತ್ತೇವೆ. ನೇಯ್ದವರು ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡಿರುತ್ತಾರೆ. ನೀರಿಗೆ ಹಾಕಿದರೆ ಅದು ಬಿಟ್ಟುಹೋಗಿ ಕಂಬಳಿ ಹಳೇ ಗೋಣಿಯ ಹಾಗೆ ಜೋತುಬೀಳುತ್ತದೆ. ಜೊತೆಗೆ ಅದಕ್ಕೆ ಮೈಲಿಗೆಯೂ ಇಲ್ಲ. ಹತ್ತಿ ಬಟ್ಟೆಯಾದರೆ ಮುಟ್ಟಿದ್ದಕ್ಕೆ ಮೈಲಿಗೆ, ಕಂಬಳಿ ಎಲ್ಲಿದ್ದರೂ ಮಡಿ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಹೇಳಿಕೊಟ್ಟ ಪಾಠಗಳಲ್ಲಿ ಇದೂ ಒಂದು. ಅತ್ತೆಯ ಬಹಳಷ್ಟು ಪಾಠಗಳನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವಳು ನಾನು. ಇದರಿಂದ ಕೆಲಸ ಕಡಿಮೆಯಾಗುತ್ತದಲ್ಲ ಅಂತ ಇದೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದೆ.

ನನ್ನ ಗಂಡ ತೀರಿಕೊಂಡಾಗ ಅವರ ಕಂಬಳಿ ನನಗೆ ಉಳಿದದ್ದು ಇದೇ ಪಾಠದಿಂದ. ಕಾರ್ಖಾನೆಯಿಂದ ಬಂದು, ಎದೆ ಹಿಡಿದುಕೊಂಡಂತಿದೆ ಅಂತ ಜಗಲಿ ಮೇಲೆ ಕೂತವರು ಮತ್ತೆ ಏಳಲಿಲ್ಲ. ಸೂತಕ ಕಳೆಯುವಾಗ ಹಾಸಿಗೆ, ದುಪ್ಪಟಿ, ಅಂಗಿ, ಪಂಚೆ ಎಲ್ಲವನ್ನೂ ಹೆಂಗಸರು ಒಟ್ಟು ಮಾಡಿ ಒಂದಷ್ಟು ಒಗೆದರು, ಒಂದಷ್ಟು ಯಾರಿಗೋ ಕೊಟ್ಟರು. ಅಳುತ್ತಾ ಕೂತಿದ್ದ ನನ್ನನ್ನು ಯಾರೂ ಕೇಳಲಿಲ್ಲ. ಕಂಬಳಿಯನ್ನು ಕೊಡವಿ ಮೂಲೆಗಿಟ್ಟರು, ಅಷ್ಟೆ. ಎಲ್ಲರೂ ಹೋದ ಮೇಲೆ ಅದನ್ನೆತ್ತಿ ಮುಖಕ್ಕೆ ಇಟ್ಟುಕೊಂಡೆ. ಬೀಡಿ, ಕೊಬ್ಬರಿ ಎಣ್ಣೆ, ಕಾರ್ಖಾನೆಯ ಗ್ರೀಸು, ಅದರಡಿ ಅವರ ಬೆವರು. ಅವರು ಅಲ್ಲೇ ಇದ್ದರು.

ಅದಕ್ಕೆ ನಾನೊಬ್ಬಳೇ ವಾರಸುದಾರಳಾಗಿರಲಿಲ್ಲ. ಕಾರ್ಖಾನೆಯ ಸಾಹೇಬರೊಬ್ಬರ ಮನೆಯಲ್ಲಿ ಹುಟ್ಟಿದ್ದ ನಾಯಿಮರಿಯನ್ನು ನನ್ನ ಗಂಡ ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದರು. ತಾಯಿ ಲ್ಯಾಬ್ರಡಾರ್, ತಂದೆ ಯಾರೋ ಬೀದಿಯವನು. ಅವನಿಗೊಂದು ಹೆಸರಿತ್ತು, ಹಾಗೆ ಕರೆಯುತ್ತಿದ್ದವರು ಅವರೊಬ್ಬರೇ. ನನ್ನ ಬಾಯಲ್ಲಿ ಅವನು ಯಾವಾಗಲೂ "ಲೇ". ಹೊಸ್ತಿಲು ದಾಟಿ ಒಳಗೆ ಬರಕೂಡದು ಅಂತ ನನ್ನ ಕಟ್ಟಪ್ಪಣೆ. ನಮ್ಮದು ಊರಿಗಾಂನ ಲೈನ್ ಮನೆ, ಚಿನ್ನದ ಗಣಿ ಕಾಲದ ಸಾಲುಮನೆಗಳಲ್ಲೊಂದು, ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು. ಅದರಲ್ಲಿ ನಾಯಿಗೆಲ್ಲಿ ಜಾಗ? ಅವರು ಮಾತ್ರ "ಬಾರ್ಲಾ ಮಗ, ಅವಳೇನ್ ಮಾಡ್ತಾಳೆ" ಅಂತ ಕರೆಯೋರು. ಅವನು ನನ್ನ ಮುಖ ನೋಡಿ ಮುಂಗಾಲು ಒಂದನ್ನು ಒಳಗಿಟ್ಟು ನಿಲ್ಲುತ್ತಿದ್ದ.

ಅವರು ಹೋದ ಮೇಲೆ ಅವನು ಸೀದಾ ಒಳಗೆ ಬಂದ. ಮೂಲೆಯ ಕಂಬಳಿಯನ್ನು ಹಲ್ಲಲ್ಲಿ ಎಳೆದು, ಕಾಲಲ್ಲಿ ಕೆದರಿ, ಅದರ ಮೇಲೆ ಮಲಗಿದ. ನಾನು ಬೈಯಲಿಲ್ಲ. ಕಂಬಳಿಯ ಒಂದು ತುದಿ ಅವನಿಗೆ, ಒಂದು ತುದಿ ನನಗೆ, ಹೀಗೆ ಆ ವರ್ಷ ಕಳೆಯಿತು.

ಮರುವರ್ಷ ಅವನಿಗೆ ನವೆ ಶುರುವಾಯಿತು. ಮೊದಲು ಪಾದ ನೆಕ್ಕುತ್ತಿದ್ದ. ನೆಕ್ಕಿ ನೆಕ್ಕಿ ಬೆರಳ ಸಂದಿನ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿತು. ಆಮೇಲೆ ಕಿವಿ, ಕಂಕುಳು, ಹೊಟ್ಟೆ. ಕೂದಲು ಉದುರಿ ಚರ್ಮ ಕೆಂಪಾಗಿ, ಕಪ್ಪಾಗಿ, ಮೈಯಿಂದ ಹಳಸಿದ ಹಿಟ್ಟಿನ ವಾಸನೆ ಬರತೊಡಗಿತು. ಬೇವಿನ ಸೊಪ್ಪು ಕುದಿಸಿ ಸ್ನಾನ ಮಾಡಿಸಿದೆ, ಅರಿಶಿನ ಹಚ್ಚಿದೆ, ಹೊಂಗೆ ಎಣ್ಣೆ ಸವರಿದೆ. ಕಂಬಳಿಯನ್ನು ವಾರಕ್ಕೊಮ್ಮೆ ಅಂಗಳದ ತಂತಿಗೆ ಹಾಕಿ ಶಕ್ತಿಯಿದ್ದಷ್ಟು ಬಡಿದೆ. ನಾನು ಬಡಿಯುವಾಗ ಅವನು ಅದರ ಕೆಳಗೇ ಕಾದು ಕೂತಿರುತ್ತಿದ್ದ, ಎಲ್ಲಿ ಕೊಟ್ಟುಬಿಡುತ್ತಾಳೋ ಅಂತ. ಬಡಿದ ದಿನವೇ ಕೆರೆತ ಹೆಚ್ಚು. ಅದನ್ನು ಕಣ್ಣಾರೆ ನೋಡಿಯೂ ಒಂದಕ್ಕೊಂದು ಸೇರಿಸಲಿಲ್ಲ.

ಲೈನ್‌ನಲ್ಲಿ ಎಲ್ಲರಿಗೂ ಕಾರಣ ಗೊತ್ತಿತ್ತು. ನಮ್ಮಲ್ಲಿ ಯಾರಿಗೆ ಕೆಮ್ಮು ಬಂದರೂ, ಕಣ್ಣು ಉರಿದರೂ, ಕೈಗೆ ಸಿಗುವ ಕಾರಣ ಒಂದೇ: ಸೈನೈಡ್ ದಿಬ್ಬ. ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಗುಡ್ಡ. ಗಾಳಿಗಾಲ ಬಂದರೆ ಅದರ ಧೂಳು ಪಾತ್ರೆಯ ಮೇಲೂ ಕೂರುತ್ತದೆ. ಪಕ್ಕದ ಮನೆಯ ತಮಿಳು ಮುದುಕಿ, ನಾವೆಲ್ಲ ಪಾಟಿ ಅನ್ನುವವರು, ನಾಯಿಯ ಹೊಟ್ಟೆ ನೋಡಿ ಲೊಚಗುಟ್ಟಿದರು.

"ಪಾವಂ. ದಿಬ್ಬದ್ ದೂಳು ತಾಯಿ ಇದು. ಇಲ್ಲಿದ್ರೆ ವಾಸಿಯಾಗಲ್ಲ. ಬೇರೆ ಊರ್ಗೆ ಕಳ್ಸು."

ನನ್ನ ಮನಸ್ಸಿನಲ್ಲಿ ಇನ್ನೊಂದು ಕಾರಣವಿತ್ತು, ಯಾರಿಗೂ ಹೇಳಿರಲಿಲ್ಲ. ಯಜಮಾನನಿಲ್ಲದ ಸಂಕಟವನ್ನು ಇವನು ಮೈಮೇಲೆ ತಂದುಕೊಂಡಿದ್ದಾನೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಹಾಗೆ ಅಂದುಕೊಳ್ಳುವುದರಲ್ಲಿ ನನಗೊಂದು ಸಮಾಧಾನವಿತ್ತು. ನನ್ನ ಜೊತೆ ಇನ್ನೊಬ್ಬರು ಸಂಕಟಪಡುತ್ತಿದ್ದಾರಲ್ಲ ಅಂತ.

ಆದರೆ ಅವನ ಹೊಟ್ಟೆಯಲ್ಲಿ ರಕ್ತ ಜಿನುಗಿದ ದಿನ ಪಾಟಿಯ ಮಾತು ಕೇಳಿದೆ. ಬಂಗಾರಪೇಟೆಯಲ್ಲಿ, ರೈಲ್ವೆ ಹಳಿಯಾಚೆ, ನನ್ನ ತಂಗಿಯ ಮನೆ. ಭಾವಮೈದುನ, ಅಂದರೆ ತಂಗಿಯ ಗಂಡ, ಪಾನಿಪೂರಿ ಗಾಡಿ ಇಟ್ಟಿದ್ದಾನೆ. ಆಟೋಗೆ ನಾಯಿಯನ್ನು ಹತ್ತಿಸಿದರೆ ಅವನು ಇಳಿದು ಒಳಗೆ ಓಡಿದ. ಮತ್ತೆ ಹತ್ತಿಸಿದರೆ ಮತ್ತೆ ಓಡಿದ. ಕೊನೆಗೆ ಕಂಬಳಿ ತಂದು ಸೀಟಿನ ಮೇಲೆ ಹಾಸಿದೆ. ತಾನಾಗಿಯೇ ಹತ್ತಿ ಕೂತ. ಹೊಸ ಜಾಗದಲ್ಲಿ ಒಂಟಿ ಅನ್ನಿಸದಿರಲಿ ಅಂತ ಕಂಬಳಿಯನ್ನೂ ಅಲ್ಲೇ ಬಿಟ್ಟು ಬಂದೆ. ಅಂದು ರಾತ್ರಿ ನನ್ನ ಮನೆಯಲ್ಲಿ ಅವರದ್ದು ಅನ್ನುವ ವಾಸನೆ ಏನೂ ಉಳಿದಿರಲಿಲ್ಲ.

ಆಮೇಲೆ ಪ್ರತಿ ಭಾನುವಾರ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿ ಬಂಗಾರಪೇಟೆಗೆ ಹೋಗುತ್ತಿದ್ದೆ. ನಾಯಿ ನೋಡೋಕೆ ಅಂತ ಹೇಳುತ್ತಿದ್ದೆ. ಅವನ ಪಕ್ಕ ಕೂತು ತಲೆ ಸವರುತ್ತಾ ಕಂಬಳಿಯ ಅಂಚಿಗೆ ಮೂಗು ತಾಗಿಸುವುದನ್ನು ತಂಗಿ ನೋಡಿಯೂ ನೋಡದ ಹಾಗೆ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ದಿಬ್ಬದಿಂದ ದೂರವಾದರೂ ನವೆ ಕಡಿಮೆಯಾಗಲಿಲ್ಲ. ನಾನು ಭಾವಮೈದುನನ ಮೇಲೆ ಎಗರಿದೆ. "ಮುರಿದ ಪೂರಿಯೆಲ್ಲ ಇವನ ಬಾಯಿಗೆ ಆಕ್ತೀಯ. ಮೈದಾ, ಕರಿದ ಎಣ್ಣೆ. ಕೆರೀದೆ ಇನ್ನೇನ್ ಮಾಡ್ತಾನೆ?"

ಅವನು ಸಾವಧಾನದವನು. "ಅತ್ಗೆ, ಪೂರಿ ಈಗ ಬಂತು. ಕೆರ್ತ ನಿಮ್ಮನೇಲೇ ಇತ್ತಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗ್ಯಾಕೆ ಬರೆ ಆಕ್ತೀರಾ? ಡಾಕ್ಟ್ರತ್ರ ಓಗಾನ ನಡೀರಿ."

ಬಂಗಾರಪೇಟೆಯಲ್ಲಿ ನಾಯಿಗಳನ್ನು ನೋಡುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಅವಸರ ಮಾಡದವರು. ಚಿಗಟ ಇದೆಯಾ ಅಂತ ಬಾಲದ ಬುಡದಲ್ಲಿ ಬಾಚಿ ನೋಡಿದರು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಕಜ್ಜಿಯ ಹುಳು ಅಲ್ಲ ಅಂದರು. ಹುಣ್ಣಿಗೆ ಮಾತ್ರೆ, ಶಾಂಪೂ ಕೊಟ್ಟರು. ಊಟದಿಂದಲೂ ಹೀಗಾಗಬಹುದು, ಇದುವರೆಗೆ ಅವನು ತಿನ್ನದೇ ಇರುವುದನ್ನೇ ಕೆಲವು ವಾರ ಕೊಡಿ, ಬೇರೇನೂ ಬೇಡ ಅಂದರು. ನನ್ನ ಗಂಡ ಅವನಿಗೆ ತಿನ್ನಿಸದೆ ಬಿಟ್ಟದ್ದು ಏನಿತ್ತು ಅಂತ ಯೋಚಿಸಿ ಸುಸ್ತಾದೆ. ಕೊನೆಗೆ ಸಿಕ್ಕಿದ್ದು ಕೆರೆ ಮೀನು, ಆಲೂಗಡ್ಡೆ. "ನಾವ್ ಬಸ್ಸಾರು, ಇವ್ನು ಮೀನು" ಅಂತ ಗೊಣಗಿದರೂ ಭಾವಮೈದುನ ದಿನಾ ಮುಳ್ಳು ಬಿಡಿಸಿ ಕೊಟ್ಟ. ಹುಣ್ಣು ಒಣಗಿತು, ವಾಸನೆ ಹೋಯಿತು. ನವೆ ಹೋಗಲಿಲ್ಲ.

ಮತ್ತೆ ಹೋದಾಗ ಡಾಕ್ಟರಮ್ಮ ಕುರ್ಚಿ ಎಳೆದು ಕೂತರು. "ಊರು ಬದಲಾಯಿತು, ಊಟ ಬದಲಾಯಿತು. ಏನು ಬದಲಾಗಿಲ್ಲ, ಹೇಳಿ ಅಮ್ಮ."

ನಾನು ಯೋಚಿಸುತ್ತಿದ್ದೆ. ತಂಗಿ ಮೇಜಿನತ್ತ ನೋಡಿದಳು. ನಾಯಿ ಸುಮ್ಮನೆ ಕೂರಲಿ ಅಂತ ನಾವು ಅಲ್ಲೂ ಕಂಬಳಿ ಹಾಸಿದ್ದೆವು.

ಡಾಕ್ಟರಮ್ಮ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಕೆಲವು ನಾಯಿಗಳಿಗೆ ಹುಟ್ಟಿನಿಂದಲೇ ಚರ್ಮದ ಕಾವಲು ಸಡಿಲ. ಹೆಂಚು ಸರಿದ ಮಾಡಿನ ಹಾಗೆ. ಧೂಳು, ಪರಾಗ, ಏನೇನೋ ಒಳಗೆ ಇಳಿಯುತ್ತದೆ. ಅವು ಕೆಡುಕಿನವಲ್ಲ. ಆದರೆ ಮೈಯನ್ನು ಕಾಯುವ ಶಕ್ತಿ ಅವನ್ನು ಶತ್ರು ಅಂತ ತಪ್ಪಾಗಿ ಗುರುತಿಟ್ಟುಕೊಂಡು ಅವುಗಳಿಗೆಂದೇ ಪ್ರತಿಕಾಯಗಳೆಂಬ ಆಯುಧಗಳನ್ನು ತಯಾರಿಸುತ್ತದೆ. ಅವು ಹೋಗಿ ಚರ್ಮದಲ್ಲಿರುವ ಮಾಸ್ಟ್ ಕೋಶಗಳೆಂಬ ಕಾವಲುಗಾರರ ಮೇಲೆ ಕೂತು ಕಾಯುತ್ತವೆ. ಇಷ್ಟಾಗುವಾಗ ಹೊರಗೆ ಏನೂ ಕಾಣಿಸುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ನಾಯಿ ಚೆನ್ನಾಗಿಯೇ ಇರುತ್ತದೆ. ಆಮೇಲೊಂದು ದಿನ ಅದೇ ಧೂಳು ಮತ್ತೆ ಬಂದಾಗ ಆ ಕೋಶಗಳು ಒಡೆದು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಚೆಲ್ಲುತ್ತವೆ. ಇನ್ನು ಕೆಲವು ಕೋಶಗಳು ನರಗಳಿಗೆ ನೇರವಾಗಿ ನವೆಯ ಸುದ್ದಿ ಮುಟ್ಟಿಸುತ್ತವೆ. ನಾಯಿ ಕೆರೆಯುತ್ತದೆ, ಕೆರೆದಷ್ಟೂ ಚರ್ಮದ ಕಾವಲು ಇನ್ನಷ್ಟು ಸಡಿಲವಾಗುತ್ತದೆ, ಇನ್ನಷ್ಟು ಧೂಳು ಒಳಗೆ ಹೋಗುತ್ತದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಂದರೆ ಇದೇ ಇರಬೇಕು ಅಂದುಕೊಂಡೆ.

"ಇವನಿಗೆ ಆಗದಿರುವುದು ಹೆಚ್ಚಾಗಿ ಧೂಳಿನ ನುಸಿ" ಅಂದರು. "ಪುಟ್ಟ ಹುಳ, ಕಣ್ಣಿಗೆ ಕಾಣಲ್ಲ. ಹಾಸಿಗೆ, ಕಂಬಳಿಗಳಲ್ಲಿ ಇರುತ್ತೆ. ಬಿಸಿಲಿಗೆ ಹಾಕಿದರೆ ಒಂದಷ್ಟು ಸಾಯುತ್ತೆ, ಆದರೆ ಅದರ ಹಿಕ್ಕೆ ಅಲ್ಲೇ ಉಳಿಯುತ್ತೆ. ಅದೇ ಆಗದಿರೋದು. ಬಡಿದರೆ ಗಾಳಿಗೆ ಏಳುತ್ತೆ."

"ಅದು ಏನ್ ತಿಂದ್ಕೊಂಡ್ ಬದ್ಕುತ್ತೆ?" ಅಂತ ಕೇಳಿದೆ. ಸುಮ್ಮನೆ ಬಾಯಿಗೆ ಬಂದ ಪ್ರಶ್ನೆ.

"ಮನುಷ್ಯರ ಚರ್ಮದಿಂದ ಉದುರುವ ಹೊಟ್ಟು. ಯಾರು ಹೊದ್ದುಕೊಂಡಿದ್ದರೋ ಅವರದ್ದು."

ತಂಗಿ ನನ್ನ ಕೈ ಹಿಡಿದುಕೊಂಡಳು. ಅದು ಯಾರ ಕಂಬಳಿ ಅಂತ ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ಅವರು ಬರೆಯುತ್ತಾ ಮುಂದುವರಿಸಿದರು. ಕಂಬಳಿ ಬಿಸಾಕಿ, ಇಲ್ಲವೇ ಕುದಿಯುವ ನೀರಲ್ಲಿ ಒಗೆಯಿರಿ. ಈ ಕಾಯಿಲೆ ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿ ಇಡಬಹುದು. ನವೆಗೆ ಮಾತ್ರೆ ಕೊಡುತ್ತೇನೆ, ಆದರೆ ಕಂಬಳಿ ಹೀಗೇ ಇದ್ದರೆ ಮಾತ್ರೆ ಎಷ್ಟು ಅಂತ ಕೆಲಸ ಮಾಡೀತು?

ನನಗೆ ಎಂಥ ಸಿಟ್ಟು ಬಂತೆಂದರೆ ನಮಸ್ಕಾರ ಹೇಳದೆ ಎದ್ದುಬಂದೆ. ಯಾರ ಮೇಲೆ ಸಿಟ್ಟು ಅಂತ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ನನ್ನ ಗಂಡನ ಮೈಯಿಂದ ಉದುರಿದ್ದೇ ಇವನ ಮೈಯನ್ನು ಸುಡುತ್ತಿದೆ ಅನ್ನುವುದನ್ನು ನನ್ನಿಂದ ನುಂಗಲಾಗಲಿಲ್ಲ. ಅವರು ಇವನನ್ನು ಅಂಗಿಯೊಳಗೆ ಇಟ್ಟುಕೊಂಡು ತಂದವರು.

ನಾಯಿಯನ್ನೂ ಕಂಬಳಿಯನ್ನೂ ಊರಿಗಾಂಗೆ ವಾಪಸು ತಂದೆ. ಒಗೆಯಲು ಮನಸ್ಸು ಬರಲಿಲ್ಲ. ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ನನ್ನ ಲೆಕ್ಕ. ನವೆ ನಿಜಕ್ಕೂ ಇಳಿಯಿತು. ಆದರೆ ಅವನು ಟ್ರಂಕಿನ ಮುಂದೆ ಕೂತವನು ಏಳಲಿಲ್ಲ. ತಟ್ಟೆ ಹತ್ತಿರ ಇಟ್ಟರೆ ಮುಖ ತಿರುಗಿಸಿದ. ಟ್ರಂಕಿನ ಬಣ್ಣ ಹೋಗುವ ಹಾಗೆ ಉಗುರಿನಿಂದ ಕೆರೆದ. ಇದುವರೆಗೆ ತನ್ನ ಮೈ ಕೆರೆದುಕೊಳ್ಳುತ್ತಿದ್ದವನು ಈಗ ಕಬ್ಬಿಣ ಕೆರೆಯತೊಡಗಿದ.

ಪಾಟಿ ಬಾಗಿಲಲ್ಲಿ ನಿಂತು ನೋಡಿದರು. "ಅವ್ನಿಗೆ ಅದ್ ಬೇಕು ತಾಯಿ. ನಿಂಗೂ ಬೇಕು. ಅವ್ನು ಬಾಯ್ಬಿಟ್ಟು ಕೇಳ್ತಾನೆ, ನೀ ಬೀಗ ಆಕ್ಕೊಂಡ್ ಕೂತಿದ್ದೀಯ."

ಒಗೆದರೆ ಇವನು ಉಳಿಯುತ್ತಾನೆ, ಅವರು ಹೋಗುತ್ತಾರೆ. ಒಗೆಯದಿದ್ದರೆ ಇವನೂ ಕಣ್ಣೆದುರೇ ಸೊರಗುತ್ತಾನೆ. ಅವರೇ ಇದ್ದಿದ್ದರೆ ಏನು ಹೇಳುತ್ತಿದ್ದರು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರನ್ನು ಕೇಳಿಕೊಳ್ಳಲು ಹೆದರಿದೆ.

ಒಂದು ಬೆಳಗ್ಗೆ ಹಂಡೆ ತುಂಬ ನೀರಿಟ್ಟು ಒಲೆ ಹಚ್ಚಿದೆ. ಟ್ರಂಕು ತೆರೆದು, ಚೀಲ ಬಿಚ್ಚಿ, ಕಂಬಳಿಯನ್ನು ತಲೆ ಮೇಲಿಂದ ಪೂರ್ತಿ ಹೊದ್ದುಕೊಂಡು ನೀರು ಕುದಿಯುವವರೆಗೂ ಒಲೆಯ ಮುಂದೆ ಕೂತೆ. ಬೀಡಿ, ಎಣ್ಣೆ, ಗ್ರೀಸು, ಅವರು. ಆಮೇಲೆ ಹಂಡೆಯೊಳಗೆ ಇಳಿಸಿದೆ. ನೀರು ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ಅಂಟುವಾಳ ಹಾಕಿ ಕೋಲಿನಿಂದ ತಿರುವಿ, ನೀರು ಚೆಲ್ಲಿ, ಮತ್ತೆ ಬಿಸಿನೀರು ಹಾಕಿದೆ. ಮೋರಿಗೆ ಹರಿದುಹೋಗುವ ನೀರನ್ನು ನೋಡಲಿಲ್ಲ.

ಒಣಗಲು ದಿನಗಳೇ ಬೇಕಾದವು. ಅತ್ತೆ ಹೇಳಿದ್ದು ಸುಳ್ಳಲ್ಲ. ಕಂಬಳಿ ಬಿಗುವು ಕಳೆದುಕೊಂಡು ಕೈಯಲ್ಲಿ ಜೋತುಬಿತ್ತು. ಒಳಗೆ ತಂದು ಮುಖಕ್ಕೆ ಒತ್ತಿಕೊಂಡೆ. ಕುರಿ, ಅಂಟುವಾಳ, ಬಿಸಿಲು. ಮಡಿಕೆ ಮಡಿಕೆ ಬಿಡಿಸಿ ಅಂಚಿನವರೆಗೂ ಹುಡುಕಿದೆ. ಅವರು ಇರಲಿಲ್ಲ. ಗೋಡೆಗೆ ಒರಗಿ ಕೂತು ಜೋರಾಗಿ ಅತ್ತೆ. ಅವರು ತೀರಿಕೊಂಡ ದಿನವೂ ಹಾಗೆ ಅತ್ತಿರಲಿಲ್ಲ.

ನಾಯಿ ಎದ್ದು ಬಂದ. ನೆಲಕ್ಕೆ ಬಿದ್ದಿದ್ದ ಕಂಬಳಿಗೆ ಮೂಗು ಹಚ್ಚಿ ಒಂದು ಕಡೆಯಿಂದ ಮೂಸುತ್ತಾ ಹೋದ. ನಡುವೆ ಎಲ್ಲೂ ನಿಲ್ಲಲಿಲ್ಲ. ಇವನೂ ಬಿಟ್ಟುಹೋಗುತ್ತಾನೆ ಅಂದುಕೊಂಡೆ. ಕೆಂಪು ಅಂಚಿನ ಒಂದು ಮೂಲೆಗೆ ಬಂದವನು ನಿಂತ. ಮತ್ತೆ ಮೂಸಿದ. ಬಾಲ ಒಮ್ಮೆ ನೆಲಕ್ಕೆ ಬಡಿಯಿತು. ಆ ಮೂಲೆಯನ್ನು ಮುಂಗಾಲಿನಿಂದ ಮೂಗಿನಡಿ ಸೇರಿಸಿಕೊಂಡು, ಉಸಿರು ಬಿಟ್ಟು ಮಲಗಿದ. ಕೆರೆದುಕೊಳ್ಳಲಿಲ್ಲ. ಎಷ್ಟೋ ತಿಂಗಳ ಮೇಲೆ ಅವನು ಹಾಗೆ ನಿದ್ದೆ ಮಾಡಿದ್ದು.

ನಾನು ಅವನ ಪಕ್ಕ ನೆಲದ ಮೇಲೆ ಮಲಗಿದೆ. ಅವನ ಮೂಗಿನ ಹತ್ತಿರ ನನ್ನ ಮೂಗು ತಂದು ಅದೇ ಮೂಲೆಯನ್ನು ಮೂಸಿದೆ. ಕುರಿ, ಅಂಟುವಾಳ, ಬಿಸಿಲು.

"ಎಲ್ಲವ್ರ್ಲಾ ಅವ್ರು," ಅಂತ ಕೇಳಿದೆ. "ನಂಗೂ ಒಸಿ ತೋರ್ಸ್ಲಾ."

ಅವನು ಕಣ್ಣು ತೆರೆಯದೆ ಸ್ವಲ್ಪ ಸರಿದು ನನಗೆ ಜಾಗ ಬಿಟ್ಟ.