ಯಶೋದಮ್ಮ ಆರಿಸಿಕೊಂಡ ಬ್ಯಾಟರಿ

ಸಿಂಧಘಟ್ಟದ ಯಶೋದಮ್ಮನ ಮನೆಯಲ್ಲಿ ಬ್ಯಾಟರಿಗೆಂದೇ ಒಂದು ಮೊಳೆ ಇತ್ತು. ಟಾರ್ಚಿಗೆ ಆ ಕಡೆ ಎಲ್ಲರೂ ಬ್ಯಾಟರಿ ಎಂದೇ ಅನ್ನುವುದು. ಬಾಗಿಲ ಪಕ್ಕದ ಆ ಮೊಳೆಗೆ ತೂಗುಹಾಕಿದ ಉದ್ದನೆಯ ಕರಿ ಬ್ಯಾಟರಿ ಮನೆಯವರೆಲ್ಲರದೂ ಎಂದು ಹೆಸರಿಗೆ. ಆದರೆ ಗದ್ದೆಗೆ ನೀರು ಕಟ್ಟಲು ಹೋಗುವವರು ಅದನ್ನು ಒಯ್ಯಬೇಕು ಎನ್ನುವುದು ಮಾವನ ಕಾಲದಿಂದ ನಡೆದುಬಂದ ಕ್ರಮ. ಈಗ ನೀರು ಕಟ್ಟುವವನು ಗಂಡ ನಾಗರಾಜು. ಪಂಪಿನ ಕರೆಂಟು ಸಂಜೆಯ ಪಾಳಿಗೆ ಬಂದ ವಾರವೆಲ್ಲ, ಹೊತ್ತು ಮುಳುಗುವ ಮೊದಲೇ ಮೊಳೆ ಖಾಲಿ.

ಯಶೋದಮ್ಮ ಡೈರಿಗೆ ಹೊರಡುತ್ತಿದ್ದದ್ದು ಆಮೇಲೆ. ಅವರ ಮನೆ ಊರೊಳಗಿಲ್ಲ, ಗದ್ದೆಯ ಅಂಚಿನಲ್ಲಿದೆ. ಎರಡು ಹಸು ಕರೆದು, ಕೊಟ್ಟಿಗೆಗೆ ಮೇವು ಹಾಕಿ, ಅತ್ತೆಗೆ ಕಾಫಿ ಕೊಟ್ಟು ಕ್ಯಾನು ಎತ್ತುವಷ್ಟರಲ್ಲಿ ಮಾಗಿ ಕಾಲದಲ್ಲಿ ಕತ್ತಲು ಕೂತಿರುತ್ತಿತ್ತು. ಅಲ್ಲಿಂದ ಕೆರೆ ಏರಿಯವರೆಗೆ ಎರಡೂ ಕಡೆ ಆಳೆತ್ತರದ ಕಬ್ಬು, ನಡುವೆ ಒಬ್ಬರು ನಡೆಯುವಷ್ಟು ದಾರಿ. ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ. ಹಾಗಾಗಿ ಅವಳು ತನ್ನ ಗುಂಡಿ ಫೋನನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದಳು. ಅದರ ತುದಿಯಲ್ಲೊಂದು ಕಡಲೆ ಗಾತ್ರದ ಬೆಳಕು. ಡೈರಿ ಮುಟ್ಟುವಷ್ಟರಲ್ಲಿ ದವಡೆ ಸೋತು, ಫೋನೆಲ್ಲ ಎಂಜಲಾಗಿರುತ್ತಿತ್ತು. ಹಾಲು ಅಳೆಯುವ ಸಾಲಿನಲ್ಲಿ ಅವಳು ಮೊದಲು ಮಾಡುತ್ತಿದ್ದ ಕೆಲಸ ಫೋನನ್ನು ಸೆರಗಿಗೆ ಒರೆಸುವುದು.

ಅವಳು ಹುಟ್ಟಿದ್ದು ನಾಗಮಂಗಲದ ದೇವಲಾಪುರದ ಕಡೆ. ರಾಗಿ, ಹುರುಳಿ ಬೆಳೆಯುವ ಬೆದ್ದಲು ನೆಲ. ಅಲ್ಲಿ ಬೆಳೆ ಮೊಣಕಾಲು ದಾಟುವುದಿಲ್ಲ, ತಿಂಗಳ ಬೆಳಕಿರಲಿ ಚುಕ್ಕಿಯ ಬೆಳಕಿರಲಿ, ಬರುವವರು ದೂರದಿಂದಲೇ ಕಾಣುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ, "ನೀರಾವರಿ ಮನೆಗೆ ಬಿದ್ದೆ, ಪುಣ್ಯವಂತೆ" ಎಂದು ತೌರಿನವರು ಹೇಳಿದ್ದರು. ನೀರಾವರಿ ಎಂದರೆ ವರ್ಷವೆಲ್ಲ ಹಸಿರು, ಹಸಿರೆಂದರೆ ಹಸು, ಹಸುವೆಂದರೆ ಹೊತ್ತಾರೆಯೂ ಬೈಗೂ ಕ್ಯಾನು ಎನ್ನುವುದು ಆಗ ಯಾರಿಗೂ ಹೊಳೆದಿರಲಿಲ್ಲ. ಈಗ ಅವಳಿಗೆ ನಲವತ್ತಾರು. ಕತ್ತಲೆ ದಾರಿ ಅಭ್ಯಾಸವಾಗಿದೆ ಎಂದು ಮನೆಯವರು ತಿಳಿದಿದ್ದರು. ಅವಳಿಗೆ ಅಭ್ಯಾಸವಾಗಿದ್ದದ್ದು ಹೆದರಿಕೆ.

ಕಾರ್ತಿಕದಲ್ಲಿ ಒಂದು ಸಂಜೆ ಅವಳು ಬಿದ್ದಳು. ನಾಗರಾಜು ಆಚೆ ಮಗ್ಗುಲಿನ ಕಬ್ಬಿಗೆ ನೀರು ಹಾಯಿಸಲು ದಾರಿಗೆ ಅಡ್ಡಲಾಗಿ ಕಾಲುವೆ ತೋಡಿದ್ದ. ಹಾಗೆ ತೋಡುವುದು ಹೊಸದಲ್ಲ. ಕೈಯಲ್ಲಿ ಬ್ಯಾಟರಿ ಇದ್ದವನು ಅದನ್ನು ದಾಟಿಕೊಂಡು ಹೋಗುತ್ತಾನೆ, ಮುಚ್ಚುವುದು ಬೆಳಗ್ಗೆ. ಹೆಂಡತಿ ಅದೇ ದಾರಿಯಲ್ಲಿ ಬರುತ್ತಾಳೆ ಎನ್ನುವುದು ಅವನ ಗುದ್ದಲಿಗೆ ನೆನಪಾಗಲಿಲ್ಲ. ಯಶೋದಮ್ಮನ ಬಲಗಾಲು ಕಾಲುವೆಗೆ ಇಳಿದು ಹೊರಳಿತು. ಫೋನು ಬಾಯಿಂದ ಹಾರಿ ನೀರಿಗೆ ಬಿತ್ತು. ಕ್ಯಾನು ಉರುಳಿದ ಸದ್ದು ಮಾತ್ರ ಕೇಳಿಸಿತು.

ನೀರಿನಿಂದ ತಡಕಿ ತೆಗೆದ ಫೋನು ಪುಣ್ಯಕ್ಕೆ ಕೆಟ್ಟಿರಲಿಲ್ಲ. ಕುಂಟುತ್ತಾ ಮನೆಗೆ ಬಂದಾಗ ಜಗಲಿಯ ಮೇಲೆ ಅತ್ತೆ ಚಿಕ್ಕಬೋರಮ್ಮ ಕೂತಿದ್ದಳು.

"ಆಲೆಲ್ಲಾ ಓಯ್ತಾ?" ಅಂದಳು.

"ಓಯ್ತು ಅತ್ತೆಮ್ಮ."

"ಒಸಿನೂ ಉಳೀಲಿಲ್ವಾ?"

"ಕಾಲು ಉಳೀತು" ಅಂದಳು ಯಶೋದಮ್ಮ.

ಚಿಕ್ಕಬೋರಮ್ಮ ಕೆಟ್ಟ ಹೆಂಗಸಲ್ಲ. ಅರಿಸಿನ ಕಲಸಿ ಬಿಸಿ ಮಾಡಿ ಕೊಟ್ಟಳು. ಅವಳೂ ಒಂದು ಕಾಲದಲ್ಲಿ ಇದೇ ದಾರಿಯಲ್ಲಿ ಲಾಂದ್ರವಿಲ್ಲದೆ ನಡೆದವಳು. ಆದ್ದರಿಂದಲೇ ಹೆಂಗಸಿಗೆ ಬೆಳಕು ಬೇಕಾಗುತ್ತದೆ ಎಂದು ಅವಳಿಗೆ ತೋಚುತ್ತಿರಲಿಲ್ಲ. ನಾಗರಾಜು ಬಂದು ಊದಿದ ಕಾಲು ನೋಡಿ, "ನೋಡ್ಕಂಡು ನಡೀಬಾರ್ದಾ ಅಮ್ಮಿ?" ಅಂದ.

"ಯಾತ್ರಲ್ಲಿ ನೋಡ್ಲಿ? ಬ್ಯಾಟ್ರಿ ನಿಮ್ ಕೈಲಿತ್ತು."

ಅವನು ಬ್ಯಾಟರಿಯನ್ನು ಮೊಳೆಗೆ ಹಾಕಿ ಕೈಕಾಲು ತೊಳೆಯಲು ಹೋದ.

ಆ ರಾತ್ರಿಯೇ ಅವಳು ನಿಶ್ಚಯಿಸಿದ್ದು, ತನ್ನದೇ ಒಂದು ಬೆಳಕು ಬೇಕು ಎಂದು. ಡೈರಿಯ ಸಾಲಿನಲ್ಲಿ ದಿನವೂ ಏನಾದರೊಂದು ಸುದ್ದಿ. ಪಾಂಡವಪುರದ ಕಡೆ ಕಬ್ಬಿನಲ್ಲಿ ಚಿರತೆ ಮರಿ ಹಾಕಿದೆಯಂತೆ, ಯಾರದೋ ಗದ್ದೆಯಲ್ಲಿ ಮಂಡಲದ ಹಾವು ಕಂಡಿತಂತೆ. ಸುದ್ದಿ ಕೇಳಿಸಿಕೊಂಡು ಎಲ್ಲರೂ ಮನೆಗೆ ಹೋಗಬೇಕು, ಅವಳ ಮನೆ ಮಾತ್ರ ಕಬ್ಬಿನ ಆಚೆ.

ಕಾಲಿನ ಊತ ಇಳಿದ ಮೇಲೆ ಅತ್ತೆಯ ಬಿಪಿ ಮಾತ್ರೆ ತರುವ ನೆಪದಲ್ಲಿ ಕೆ.ಆರ್. ಪೇಟೆಗೆ ಬಸ್ಸು ಹತ್ತಿದಳು. ಕೋಳಿ ಮಾರಿದ ದುಡ್ಡು ಸೆರಗಿನ ಗಂಟಿನಲ್ಲಿತ್ತು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಪೀರ್ ಅಹಮದ್ ಅವರ ಎಲೆಕ್ಟ್ರಿಕ್ ಅಂಗಡಿ. ಮಿಕ್ಸಿ ರಿಪೇರಿಗೆಂದು ಒಂದೆರಡು ಸಲ ಹೋಗಿದ್ದ ಪರಿಚಯ. ಅವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು, ಸೊಸೆ ಫಿಜಾ ಒಂದು ಫ್ಯಾನಿಗೆ ವೈರು ಸುತ್ತುತ್ತಿದ್ದಳು.

"ಸಾಬ್ರೆ, ಚಾರ್ಜ್ ಮಾಡೋ ಬ್ಯಾಟ್ರಿ ತೋರ್ಸಿ. ಚೆನ್ನಾಗಿ ಬೆಳಕು ಬರ್ಬೇಕು."

"ಬನ್ನಿ ಬನ್ನಿ" ಎಂದು ಪೀರ್ ಅಹಮದ್ ಗಾಜಿನ ಪೆಟ್ಟಿಗೆಯಿಂದ ಮೊಣಕೈ ಉದ್ದದ ಒಂದನ್ನು ತೆಗೆದರು. "ಇದು ನೋಡಿ. ಕಿಲೋಮೀಟ್ರು ಹೊಡೀತದೆ. ಈ ಕಡೆ ರೈತ್ರೆಲ್ಲಾ ಇದನ್ನೇ ಒಯ್ಯೋದು."

ಯಶೋದಮ್ಮ ಕೈಯಲ್ಲಿ ಹಿಡಿದು ನೋಡಿದಳು. ಭಾರವಾಗಿತ್ತು. "ಕಿಲೋಮೀಟ್ರು ದೂರ ಇರೋದು ಕಟ್ಕಂಡು ನಾನೇನ್ ಮಾಡ್ಲಿ ಸಾಬ್ರೆ? ನನ್ ಕಾಲ್ ಮುಂದೆ ಇರೋದು ಕಾಣ್ಬೇಕು."

"ಎರಡೂ ಕಾಣ್ತದಮ್ಮ."

"ಇಡ್ಕಳಕ್ಕೆ ಕೈಯೆಲ್ಲದೆ? ಒಂದ್ರಲ್ಲಿ ಕ್ಯಾನು, ಒಂದ್ರಲ್ಲಿ ಸೀರೆ."

ಫಿಜಾ ತಲೆಯೆತ್ತಿ ನೋಡಿದಳು. ವೈರು ಕೆಳಗಿಟ್ಟು ಒಳಗಿಂದ ಒಂದು ಪೆಟ್ಟಿಗೆ ತಂದಳು. ಅಗಲವಾದ ಎಲಾಸ್ಟಿಕ್ ಪಟ್ಟಿ, ನಡುವೆ ಗುಂಡಗಿನ ಲೈಟು. "ಅಕ್ಕಾ, ಇದು ಹಣೆಗೆ ಕಟ್ಟೋದು. ಕೈ ಎರಡೂ ಫ್ರೀ."

ಪೀರ್ ಅಹಮದ್ ನಕ್ಕರು. "ಅರೆ, ಅದನ್ನ ಬಾವಿ ತೋಡೋರು ಒಯ್ತಾರೆ. ಹೆಂಗಸ್ರು ಕಟ್ಕೊಂಡು ಊರಲ್ಲಿ ಓಡಾಡಿದ್ರೆ ಚೆನ್ನಾಗಿರ್ತದಾ?"

"ಕರೆಂಟ್ ಹೋದ್ರೆ ನಾನು ಇದನ್ನೇ ಕಟ್ಕೊಂಡು ರೊಟ್ಟಿ ಸುಡೋದು ಮಾವಾ" ಅಂದಳು ಫಿಜಾ. "ನೀವು ತಟ್ಟೆ ಮಾತ್ರ ನೋಡಿದ್ದೀರಾ. ಬನ್ನಿ ಅಕ್ಕಾ, ಒಳಗೆ ಕತ್ತಲೆ ಇದೆ, ಕಟ್ಟಿ ನೋಡಿ."

ಅಂಗಡಿಯ ಹಿಂದಿನ ಕೋಣೆಯಲ್ಲಿ ಖಾಲಿ ಪೆಟ್ಟಿಗೆ, ಹಳೆ ಮೋಟರುಗಳು. ಫಿಜಾ ಬಾಗಿಲು ಮುಚ್ಚಿದಳು. ಮೊದಲು ಉದ್ದನೆಯ ಬ್ಯಾಟರಿ ಹೊತ್ತಿಸಿದಳು. ಎದುರು ಗೋಡೆಯ ಮೇಲೆ ತಟ್ಟೆಯಷ್ಟು ಬಿಳಿ ಬೆಳಕು ಕಣ್ಣು ಕುಕ್ಕಿತು, ಕಾಲ ಕೆಳಗೆ ಮೊದಲಿಗಿಂತ ಕಪ್ಪು. ಆಮೇಲೆ ಯಶೋದಮ್ಮನ ಹಣೆಗೆ ಪಟ್ಟಿ ಬಿಗಿದು, ಲೈಟನ್ನು ನೆಲದ ಕಡೆಗೆ ಬಾಗಿಸಿದಳು. ಬೆಳಕು ಅಷ್ಟು ಜೋರಲ್ಲ. ಆದರೆ ಚಾಪೆಯಂತೆ ಹರಡಿಕೊಂಡಿತು. ನೆಲದ ಮೇಲೆ ಬಿದ್ದಿದ್ದ ಸ್ಕ್ರೂ ಕೂಡ ಕಂಡಿತು. ಫಿಜಾ ಒಂದು ಬಕೆಟ್ಟು ಅವಳ ಕೈಗೆ ಕೊಟ್ಟು, "ನಡೀರಿ" ಅಂದಳು. ಯಶೋದಮ್ಮ ಸೀರೆ ಎತ್ತಿ ಹಿಡಿದು ಪೆಟ್ಟಿಗೆಗಳ ನಡುವೆ ಹೋಗಿ ಬಂದಳು. ತಲೆ ತಿರುಗಿಸಿದ ಕಡೆ ಬೆಳಕು ತಿರುಗುತ್ತಿತ್ತು.

"ಬಾಯಿ ಕೂಡ ಫ್ರೀ ಆಯ್ತು ಕಣವ್ವ" ಅಂದಳು. ಫಿಜಾಗೆ ಅದು ಅರ್ಥವಾಗಲಿಲ್ಲ. ಹಲ್ಲಿನಲ್ಲಿ ಫೋನು ಕಚ್ಚುವ ಕತೆ ಕೇಳಿದ ಮೇಲೆ ಇಬ್ಬರೂ ಕತ್ತಲೆಯಲ್ಲಿ ನಿಂತು ನಕ್ಕರು.

ಅದನ್ನೇ ಆರಿಸಿಕೊಂಡಳು. ಫೋನಿನ ಚಾರ್ಜರೇ ಅದಕ್ಕೂ ಆಗುತ್ತದೆ, ರಾತ್ರಿಯೆಲ್ಲ ಹಾಕಿದರೆ ಮೂರು ಸಂಜೆಗೆ ಸಾಕು ಎಂದು ಫಿಜಾ ಹೇಳಿ ಕಳಿಸಿದಳು.

ನಾಗರಾಜು ಅದನ್ನು ನೋಡಿ, "ಇದೇನಮ್ಮಿ, ಹಣೆಗಣ್ಣು ತಂದಿದ್ದೀಯ?" ಎಂದು ನಕ್ಕ. ತಾನೇ ಕಟ್ಟಿಕೊಂಡು ಕನ್ನಡಿ ನೋಡಿದ. ಪಕ್ಕದ ಗದ್ದೆಯ ಲೋಕೇಶ ಕಂಡರೆ ಏನನ್ನುತ್ತಾನೋ ಎಂದು ಬಿಚ್ಚಿಟ್ಟ. ಅವನು ಬಿಚ್ಚಿಟ್ಟದ್ದನ್ನು ಕಂಡು ಯಶೋದಮ್ಮನ ಎದೆ ಹಗುರಾಯಿತು. ಇದನ್ನು ಯಾವ ಗಂಡಸೂ ಮೊಳೆಯಿಂದ ಎತ್ತಿಕೊಂಡು ಹೋಗುವುದಿಲ್ಲ.

ಮೊದಲ ಸಂಜೆಗಳು ಚೆನ್ನಾಗಿದ್ದವು. ದಾರಿಯಲ್ಲಿ ಕಪ್ಪೆಗಳು ಕಂಡವು, ಕಾಲುವೆ ಕಂಡಿತು. ಒಂದು ಸಲ ಕೇರೆ ಹಾವೊಂದು ದಾಟುತ್ತಿತ್ತು. ಅವಳು ನಿಂತಳು, ಅದು ತನ್ನ ಪಾಡಿಗೆ ಕಬ್ಬಿಗೆ ಇಳಿಯಿತು, ಅವಳು ಮುಂದೆ ನಡೆದಳು. ಡೈರಿಯ ಸಾಲಿನಲ್ಲಿ ದೊಡ್ಡತಾಯಮ್ಮ, "ದೂರದಿಂದ ಮೋಟರ್ ಬೈಕು ಬಂದಂಗಿತ್ತು ಕಣೆ, ಸದ್ದೇ ಇಲ್ವಲ್ಲ ಅಂತ ನೋಡ್ತಿದ್ದೆ" ಎಂದು ರೇಗಿಸಿದಳು.

ನಾಲ್ಕಾರು ದಿನ ಕಳೆದ ಮೇಲೆ ಚಿಕ್ಕಬೋರಮ್ಮ ಜಗಲಿಯಿಂದ ಹೇಳಿದಳು, "ಎಂಗೂ ಬೆಳಕದಲ್ಲ, ಬರ್ತಾ ಬದೀಲಿ ಒಂದೊರೆ ಉಲ್ಲು ಕುಯ್ಕಂಡು ಬಾ."

ಅದು ಅನ್ಯಾಯದ ಮಾತೆಂದು ಯಶೋದಮ್ಮನಿಗೂ ಆಗ ಅನ್ನಿಸಲಿಲ್ಲ. ಹುಲ್ಲು ಬೇಕಿತ್ತು, ಬೆಳಕಿತ್ತು. ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಅದರ ಮರುದಿನ ನಾಗರಾಜು, "ಅಂಗೇ ಬರ್ತಾ ಕೆಳಗಿನ ಪಾತಿಗೆ ನೀರು ತಿರುಗ್ಸಿ ಬಂದ್ಬುಡು. ನಾನು ಒಸಿ ಊರೊಳಕ್ಕೋಯ್ತಿವ್ನಿ" ಅಂದ. ಆಮೇಲೆ ಹಿತ್ತಲ ಪಾತ್ರೆ. ಹಿತ್ತಲಿಗೆ ಬಲ್ಬಿಲ್ಲದ ಕಾರಣ ರಾತ್ರಿಯ ಪಾತ್ರೆಗಳು ಇಷ್ಟು ವರ್ಷ ಬೆಳಗಿನವರೆಗೆ ಕಾಯುತ್ತಿದ್ದವು. ಈಗ ಯಾಕೆ ಕಾಯಬೇಕು? ಕೊಟ್ಟಿಗೆಯ ಸಗಣಿಯೂ ರಾತ್ರಿಯೇ ಬಾಚಿದರೆ ಹೊತ್ತಾರೆ ಕೆಲಸ ಹಗುರವಲ್ಲವೇ? ಹೊತ್ತಾರೆ ಹಗುರವಾದ ಜಾಗಕ್ಕೆ ಬೇರೆ ಕೆಲಸ ಬಂದು ಕೂರುತ್ತಿತ್ತು.

"ಕತ್ಲಾಯ್ತು, ನಾಳೀಕೆ ನೋಡ್ಕಳಾನ." ಮದುವೆಯಾದಾಗಿನಿಂದ ಆ ಮನೆಯಲ್ಲಿ ಅವಳು ಆಡಿದ ಮಾತುಗಳಲ್ಲಿ ಯಾರೂ ಎದುರಾಡದಿದ್ದದ್ದು ಇದೊಂದೇ. ಅದನ್ನು ಹೇಳಿ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕಾಲು ಚಾಚಿ ಕೂರುತ್ತಿದ್ದಳು. ಬ್ಯಾಟರಿ ಬಂದ ಮೇಲೆ ಆ ಮಾತು ಬಾಯಿಗೆ ಬರುವುದೇ ನಿಂತುಹೋಗಿತ್ತು. ಹಣೆಯ ಮೇಲೆ ಪಟ್ಟಿಯ ಗುರುತು ಬಿದ್ದು, ಕುಂಕುಮ ಅದರ ಕೆಳಗೆ ಜಾರಿತ್ತು.

ಸಂಕ್ರಾಂತಿಗೆ ಮುಂಚಿನ ಒಂದು ಸಂಜೆ, ಹಾಲು ಹಾಕಿ ಹಿಂದಿರುಗುತ್ತಾ ಅವಳು ಬದುವಿನಲ್ಲಿ ಹುಲ್ಲು ಕುಯ್ಯುತ್ತಿದ್ದಳು. ಬೆಳಕು ಹಳದಿಯಾಯಿತು. ಹಿಂದಿನ ರಾತ್ರಿ ಪಾತ್ರೆ, ಸಗಣಿ ಮುಗಿಸುವಷ್ಟರಲ್ಲಿ ಚಾರ್ಜು ಇಳಿದಿತ್ತು. ಮನೆಯಲ್ಲಿ ಇರುವ ಒಂದೇ ಪ್ಲಗ್ಗಿನಲ್ಲಿ ನಾಗರಾಜುವಿನ ಫೋನು ಬೆಳಗಿನವರೆಗೆ ಕೂತಿತ್ತು. ಹೊರೆ ಕಟ್ಟಿ ತಲೆಗೆ ಏರಿಸುವಾಗ ಬೆಳಕು ಒಮ್ಮೆ ಮಿಟುಕಿ ಆರಿಹೋಯಿತು.

ಇಷ್ಟು ದಿನ ಬೆಳಕಿಗೆ ಒಗ್ಗಿದ ಕಣ್ಣಿಗೆ ಕತ್ತಲು ಮೊದಲಿಗಿಂತ ದಪ್ಪವಾಗಿತ್ತು. ಎಡಗಡೆ ಕಬ್ಬಿನ ಸೋಗೆ ಸರಸರ ಎಂದಿತು. ಗಾಳಿ ಇರಲಿಲ್ಲ. ಯಶೋದಮ್ಮ ಉಸಿರು ಹಿಡಿದು ನಿಂತಳು. ಮತ್ತೆ ಸರಸರ, ಇನ್ನೂ ಹತ್ತಿರ. ಏನೋ ದಾರಿಗೆ ಬಂದು, ನಿಂತು, ಆಚೆಯ ಗದ್ದೆಗೆ ದಾಟಿತು. ಹಂದಿಯೋ, ನಾಯಿಯೋ, ಮತ್ತೇನೋ, ಅವಳಿಗೆ ತಿಳಿಯಲಿಲ್ಲ. ತಿಳಿಯಬೇಕೆಂದೇ ಅವಳು ಆ ಬೆಳಕನ್ನು ತಂದದ್ದು.

ಹೊರೆಯನ್ನು ಅಲ್ಲೇ ಕೆಡವಿದಳು. ಸೊಂಟದಿಂದ ಫೋನು ತೆಗೆದು ಹಲ್ಲಿನಲ್ಲಿ ಕಚ್ಚಿ, ಖಾಲಿ ಕ್ಯಾನು ಹಿಡಿದು ನಡೆದಳು. ಹೆದರಿಕೆಗಿಂತ ಹೆಚ್ಚಾಗಿ, ಇಷ್ಟೆಲ್ಲ ಮಾಡಿಯೂ ಹಳೆಯ ಜಾಗಕ್ಕೇ ಬಂದು ನಿಂತೆನಲ್ಲ ಎಂಬ ಸುಸ್ತು.

"ಉಲ್ಲೆಲ್ಲಮ್ಮಿ?" ಅಂದಳು ಚಿಕ್ಕಬೋರಮ್ಮ.

"ದಾರೀಲಿ ಬಿದ್ದದೆ."

"ಯಾಕೆ, ಬೆಳಕಿರ್ಲಿಲ್ವಾ?"

ಯಶೋದಮ್ಮ ಒಳಗೆ ಹೋದಳು. ಪ್ಲಗ್ಗಿನಲ್ಲಿ ನಾಗರಾಜುವಿನ ಫೋನು ಇತ್ತು. ಅದನ್ನು ಕಿತ್ತು ಪಕ್ಕಕ್ಕಿಟ್ಟು ತನ್ನ ಬ್ಯಾಟರಿ ಸಿಕ್ಕಿಸಿದಳು. ಅದರ ಮಗ್ಗುಲಲ್ಲಿ ಸಣ್ಣ ಕೆಂಪು ಚುಕ್ಕಿ ಹೊತ್ತಿಕೊಂಡಿತು. ಹೊರಗೆ ಬಂದು ಜಗಲಿಯ ಮೇಲೆ ಕೂತು ಕಾಲು ಚಾಚಿದಳು.

ನಾಗರಾಜು ಒಳಗಿಂದ ಕೂಗಿದ. "ಲೇ, ನನ್ ಫೋನ್ ಯಾರು ಕಿತ್ತಾಕ್ದೋರು?"

"ನಾನು. ಇನ್ಮೇಲೆ ಬೈಗಾದ್ಮೇಲೆ ಆ ಪ್ಲಗ್ಗು ನಂದು. ಫೋನು ಹಗಲೊತ್ತು ಹಾಕ್ಕಳ್ಳಿ."

"ಹಗಲೊತ್ತು ಕರೆಂಟು ಎಲ್ಲಿರ್ತದೆ?"

"ಇದ್ದಾಗ ಹಾಕ್ಕಳ್ಳಿ. ಆ ಬ್ಯಾಟ್ರಿ ಡೈರಿ ದಾರಿಗೆ ತಂದಿರೋದು. ಉಲ್ಲು, ನೀರು, ಸಗಣಿ, ಯಾವ್ದಕ್ಕೂ ಅಲ್ಲ."

ಚಿಕ್ಕಬೋರಮ್ಮ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಸೊಸೆಯ ಕಡೆ ತಿರುಗಿದಳು. ಕತ್ತಲಲ್ಲಿ ಮುದುಕಿಗೆ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. "ಇತ್ತಲಲ್ಲಿ ಪಾತ್ರೆ ಅವೆ" ಅಂದಳು, ಆದರೆ ಜೋರಾಗಿ ಅಲ್ಲ.

"ಕತ್ಲಾಯ್ತು ಅತ್ತೆಮ್ಮ. ನಾಳೀಕೆ ನೋಡ್ಕಳಾನ."

ಮುದುಕಿ ಮತ್ತೆ ಜಗಿಯತೊಡಗಿದಳು.