ಕರುಂಬಿಯ ಮೇಲೆ ಹೊರಿಸಿದ್ದು

ಸುಮಾ ಚೇಚಿ, ನಿಮ್ಮ ಹೊಸ ಬಿಳಿ ಕೋಳಿಯ ಬೆನ್ನಿಗೆ ಕುಂಕುಮ ಹಚ್ಚಿದವಳು ನಾನು. ಅದು ಸತ್ತ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದವಳೂ ನಾನೇ. ನಿಮಗೆ ಕನ್ನಡ ಓದಲು ಬರುವುದಿಲ್ಲ — ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೋ ಏನೋ, ನನಗೇ ತಿಳಿಯದು.

ತಿರುವನಂತಪುರದ ತುಂಬ ಎಂಬಲ್ಲಿ ನಿಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದಾಗಿನ ಮಾತು. ಆಯುಧಪೂಜೆಯ ಹೊತ್ತಿಗೆ ನೀವು ಹಿತ್ತಲಿನ ಕೋಳಿಗಳನ್ನು ನನಗೊಪ್ಪಿಸಿ ತಂಗಿಯ ಮನೆಗೆ ಹೋದಿರಿ. ಹೊಸದನ್ನು ಬಲೆಯ ಆಚೆಗೇ ಇಡು, ಒಂದನ್ನೊಂದು ನೋಡಿ ನೋಡಿ ಹೊಂದಿಕೊಳ್ಳಲಿ ಅಂದಿದ್ದಿರಿ. ನಾನೋ ಮೈಸೂರಿನವಳು, ಹಬ್ಬದ ದಿನ ಕುಂಕುಮದ ಬಟ್ಟಲು ಕೈಗೆ ಸಿಕ್ಕರೆ ಮುಗಿಯಿತು — ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆಮಣೆಗೆ, ಕೊನೆಗೆ ನಿಮ್ಮ ಕೋಳಿಗೂಡಿನ ಬಾಗಿಲಿಗೂ. ಆ ಬಿಳಿ ಕೋಳಿ ಬೇರೆ ಅಷ್ಟು ಮುದ್ದಾಗಿತ್ತು. ಎತ್ತಿಕೊಂಡು ಅದರ ಬೆನ್ನಿಗೂ ಹಚ್ಚಿದೆ. ಹಬ್ಬದ ದಿನ ಇದೊಂದಕ್ಕೇಕೆ ಸೆರೆವಾಸ ಎಂದು ಉಳಿದವುಗಳ ಜೊತೆ ಬಿಟ್ಟೆ.

ಒಳಗೆ ಹೋಗಿ ಪಾಯಸ ತಿರುವಿ ಬರುವಷ್ಟರಲ್ಲಿ... ಎಲ್ಲವೂ ಕುಕ್ಕುತ್ತಿದ್ದವು, ಅದೇ ಕೆಂಪು ಜಾಗಕ್ಕೆ. ನೀವು ಮರಿಯಿಂದ ಸಾಕಿದ ಕರಿಕೋಳಿ ಕರುಂಬಿ ಎಲ್ಲಕ್ಕಿಂತ ಮುಂದಿತ್ತು. ಅದು ನಿಜ. ಆದರೆ ಕೆಂಪು ಕಂಡರೆ ಕೋಳಿಗಳು ಬಿಡುವುದಿಲ್ಲ ಎಂದು ಆಮೇಲೆ ತಿಳಿಯಿತು. ಕುಂಕುಮವಿಲ್ಲದಿದ್ದರೂ ಹೊಸದನ್ನು ಕೊಲ್ಲುತ್ತಿದ್ದವೋ? ಗೊತ್ತಿಲ್ಲ. ನನ್ನ ತಪ್ಪಲ್ಲ ಎಂದಾದರೆ ಒರೆಸಿದ್ದೇಕೆ — ಅದೂ ಗೊತ್ತಿಲ್ಲ.

ನೀವು ಬಂದು ಕೇಳಿದ್ದು ಇಷ್ಟೇ: "ಕರುಂಬಿಯಾಣೋ? ನೀ ಕಂಡೋ?" — ಕರುಂಬಿಯೇನು, ನೀನು ನೋಡಿದೆಯಾ ಎಂದು.

"ಕಂಡು ಚೇಚಿ" — ನೋಡಿದೆ ಅಕ್ಕಾ, ಎಂದೆ. ಬಲೆ ಹಾರಿ ಹೋಗಿ ಕೊಂದಿತು ಎಂದೂ ಸೇರಿಸಿದೆ. ಯಾರೂ ಕೇಳದಿದ್ದ ಆ ಸುಳ್ಳು ನನ್ನ ಬಾಯಿಗೆ ಹೇಗೆ ಬಂತೋ!

ಮರುದಿನ ನೀವು ಕರುಂಬಿಯನ್ನು ಕೋಳಿ ಅಂಗಡಿಗೆ ಕೊಟ್ಟಿರಿ. ಒಂದು ವಾರವೂ ಆಗಿರಲಿಲ್ಲ, ಇನ್ನೊಂದು ಕೋಳಿ ಯಜಮಾನಿಕೆಗೆ ನಿಂತು ಉಳಿದವನ್ನು ರಕ್ತ ಬರುವಂತೆ ಕುಕ್ಕತೊಡಗಿತು. ಅರಿಶಿನ ಹಚ್ಚಿದಿರಿ, ಬೇರೆ ಬೇರೆ ಕಟ್ಟಿದಿರಿ, ಕಡೆಗೆ ಸೋತು ಎಲ್ಲವನ್ನೂ ಮಾರಿಬಿಟ್ಟಿರಿ. ನಾನು ಬೇಲಿಯಾಚೆ ಬಟ್ಟೆ ಒಣಹಾಕುತ್ತಾ ನೋಡಿದೆ.

ಈಗ ನಾವು ಕೊಚ್ಚಿಯ ಎಡಪ್ಪಳ್ಳಿಯಲ್ಲಿದ್ದೇವೆ. ಓಣಂ ದಿನ ಫೋನಿನಲ್ಲಿ, ಮತ್ತೆ ಕೋಳಿ ಸಾಕಿ ಚೇಚಿ ಎಂದೆ. ನೀವು ನಕ್ಕಿರಿ. "ಎನಿಕ್ಕದ್ ಅರಿಯಿಲ್ಲ, ಮೋಳೆ" — ನನಗದು ಬರುವುದಿಲ್ಲ ಮಗಳೇ, ಎಂದಿರಿ. ಕೂಗು ಕೇಳಿಯೇ ಯಾವ ಕೋಳಿ ಎಂದು ಹೇಳುತ್ತಿದ್ದ ನೀವು! ನಾಚಿಕೆಯಾಯಿತು. ಆದರೂ ಮಾತು ಬದಲಿಸಿದೆ.

ಭಾನುವಾರದ ರೈಲಿಗೆ ತಿರುವನಂತಪುರಕ್ಕೆ ಹೊರಟಿದ್ದೇನೆ. ನೀವು ಚಹಾ ತರಲು ಒಳಗೆ ಹೋಗುವ ಮೊದಲೇ ಹೇಳಿಬಿಡಬೇಕು. ನಿಮ್ಮ ಕೈಯಿಂದ ಲೋಟ ತೆಗೆದುಕೊಂಡರೆ ಮತ್ತೆ ನನ್ನಿಂದ ಆಗುವುದಿಲ್ಲ.